ಹಿಂದಿನ ಚಕ್ರದ ಡ್ರಮ್ಮು

1971ರಲ್ಲಿ ಅಮೆರಿಕದ ಷೆವ್ರೊಲೆ ಪಿಕಪ್ ಟ್ರಕ್ಕುಗಳ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ಹಿಂದೆ ಡ್ರಮ್ಮೇ ಉಳಿಯಿತು. ಅಂಥ ಹಳೆಯ ಟ್ರಕ್ ಇರುವವರು ಅದನ್ನೂ ಕಿತ್ತು ಡಿಸ್ಕ್ ಹಾಕಿಸುವ ಮೊದಲು ಡ್ರಮ್ ಬಿಚ್ಚಿ ಒಳಗೆ ನೋಡಬೇಕು. ಎಂಥ ಜಾಣ ರಚನೆ! ಪೆಡಲ್ ಒತ್ತಿದಾಗ ತಿರುಗುತ್ತಿರುವ ಡ್ರಮ್ಮು ಒಳಗಿನ ಎರಡು ಬ್ರೇಕ್ ಶೂಗಳಲ್ಲಿ ಮುಂದಿನದನ್ನು ತನ್ನೊಡನೆ ಎಳೆಯುತ್ತದೆ, ಆ ಶೂ ಹಿಂದಿನದನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಚಕ್ರದ ತಿರುಗುಬಲವೇ ಚಕ್ರವನ್ನು ನಿಲ್ಲಿಸಲು ನೆರವಾಗುತ್ತದೆ! ರಿವರ್ಸಿನಲ್ಲಿ ಬ್ರೇಕ್ ಹಾಕಿದರೆ ಸವೆದ ಶೂಗಳಿಗೂ ಡ್ರಮ್ಮಿಗೂ ನಡುವಿನ ಅಂತರ ತಾನಾಗಿ ಸರಿಹೋಗುತ್ತದೆ. ಪಾರ್ಕಿಂಗ್ ಬ್ರೇಕೂ ಅದರೊಳಗೇ ಇದೆ. ಡಿಸ್ಕಿಗೆ ಹೋದರೆ ಪಾರ್ಕಿಂಗ್ ಬ್ರೇಕಿಗೆ ಬೇರೆ ಏರ್ಪಾಡು ಬೇಕು, ಮುಂದಿನ-ಹಿಂದಿನ ಬ್ರೇಕುಗಳ ನಡುವಿನ ಒತ್ತಡದ ಹಂಚಿಕೆಯನ್ನೂ ಹೊಸದಾಗಿ ಹೊಂದಿಸಬೇಕು. ಭಾರದ ಟ್ರೈಲರ್ ಎಳೆದು ಪದೇ ಪದೇ ಬೆಟ್ಟ ಇಳಿಯುವವರಿಗೆ ಬೇಗ ತಣಿಯುವ ಡಿಸ್ಕೇ ಸರಿ. ಉಳಿದವರ ಡ್ರಮ್ಮಿನ ಒಳವ್ಯಾಸ ಅದರ ಮೇಲೆ ಅಚ್ಚೊತ್ತಿದ ಮಿತಿ ದಾಟಿಲ್ಲವಾದರೆ ಹೊಸ ಶೂ, ಸ್ಪ್ರಿಂಗು, ಸೋರದ ವೀಲ್ ಸಿಲಿಂಡರ್ ಧಾರಾಳವಾಗಿ ಸಾಕು.