‘ಟ್ಯಾಂಟಲೈಸ್’: ಹೆಸರು ಯಾರದು, ಕೃತ್ಯ ಯಾರದು?

ಇಂಗ್ಲಿಷಿನ ‘ಟ್ಯಾಂಟಲೈಸ್’ ಎಂಬ ಕ್ರಿಯಾಪದವನ್ನು ನಾವು ಸಾಮಾನ್ಯವಾಗಿ ‘ಆಸೆ ಹುಟ್ಟಿಸು’ ಎಂದು ಕನ್ನಡಿಸಿ ಮುಂದೆ ಹೋಗುತ್ತೇವೆ. ಅದು ಅರ್ಧ ಅರ್ಥ ಮಾತ್ರ. ಬರೀ ಆಸೆ ಹುಟ್ಟಿಸುವುದಕ್ಕೆ ಆ ಭಾಷೆಯಲ್ಲಿ ‘ಟೆಂಪ್ಟ್’ ಇದೆ. ಅಲ್ಲಿ ಆಸೆಪಟ್ಟವನಿಗೆ ಆಯ್ಕೆ ಉಳಿದಿರುತ್ತದೆ: ಕೈ ಚಾಚಬಹುದು, ಬಿಡಬಹುದು, ಚಾಚಿದರೆ ವಸ್ತು ಸಿಕ್ಕೀತು. ‘ಟ್ಯಾಂಟಲೈಸ್’ನಲ್ಲಿ ವಸ್ತು ಕಣ್ಣೆದುರಿಗೇ ಇರುತ್ತದೆ, ಕೈಗೆ ಮಾತ್ರ ಎಟುಕುವುದಿಲ್ಲ.

ಹದಿನಾರನೇ ಶತಮಾನದ ಕೊನೆಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಂಡ ಈ ಪದದ ಬೇರು ಗ್ರೀಕ್ ಪುರಾಣದ ದೊರೆ ಟ್ಯಾಂಟಲಸ್‌ನ ಹೆಸರಿನಲ್ಲಿದೆ. ಹೋಮರನ ‘ಒಡಿಸ್ಸಿ’ಯ 11ನೇ ಸರ್ಗದಲ್ಲಿ ಒಡಿಸಿಯಸ್ ಅವನನ್ನು ಮೃತರ ಲೋಕದಲ್ಲಿ ಕಾಣುತ್ತಾನೆ. ಗದ್ದದವರೆಗೆ ನೀರು, ಕುಡಿಯಲು ಬಾಗಿದರೆ ಇಂಗಿಹೋಗಿ ಕಾಲಬುಡದಲ್ಲಿ ಒಣನೆಲ. ತಲೆಯ ಮೇಲೆ ದಾಳಿಂಬೆ, ಅಂಜೂರ. ಕೈಯೆತ್ತಿದರೆ ಗಾಳಿ ಕೊಂಬೆಗಳನ್ನು ಮೋಡದತ್ತ ತೂರುತ್ತದೆ. ಅವನ ಅಪರಾಧವೇನೆಂದು ಹೋಮರ್ ಅಲ್ಲಿ ಹೇಳುವುದೇ ಇಲ್ಲ. ಅಮೃತ ಕದ್ದ, ಮಗ ಪೆಲೋಪ್ಸ್‌ನನ್ನೇ ಕೊಂದು ದೇವತೆಗಳಿಗೆ ಬಡಿಸಿದ ಎಂಬ ಕತೆಗಳು ಬೇರೆ ಕಡೆ ಸಿಗುತ್ತವೆ. ಅಮೃತದ ಕಳವನ್ನು ಒಪ್ಪುವ ಕವಿ ಪಿಂಡಾರ್, ಮಗನನ್ನು ಬಡಿಸಿದ ಕತೆಯನ್ನು ನಂಬಲು ನಿರಾಕರಿಸುತ್ತಾನೆ.

ನನ್ನನ್ನು ಕಾಡುವುದು ಈ ಪದದ ವ್ಯಾಕರಣ. ಶಿಕ್ಷೆ ಕೊಟ್ಟವರು ದೇವತೆಗಳು, ಕ್ರಿಯಾಪದವಾದದ್ದು ಶಿಕ್ಷೆ ಉಂಡವನ ಹೆಸರು. ‘ಟ್ಯಾಂಟಲೈಸ್’ ಮಾಡುವವನು ಟ್ಯಾಂಟಲಸ್ ಅಲ್ಲ! ಮುಂದೆಯೂ ಹೀಗೇ ಆಯಿತು. 1802ರಲ್ಲಿ ಸ್ವೀಡನ್ನಿನ ಎಕೆಬರ್ಗ್ ಹೊಸ ಲೋಹವೊಂದನ್ನು ಕಂಡುಹಿಡಿದು, ಆಮ್ಲದಲ್ಲಿ ಮುಳುಗಿಸಿದರೂ ಅದು ಏನನ್ನೂ ಹೀರಿಕೊಳ್ಳದೆಂದು ‘ಟ್ಯಾಂಟಲಮ್’ ಎಂದು ಹೆಸರಿಟ್ಟ. ಬ್ರಿಟನ್ನಿನ ಶ್ರೀಮಂತರ ಮನೆಗಳಲ್ಲಿ ಮದ್ಯದ ಸೀಸೆಗಳು ಎದ್ದು ಕಾಣುವಂತಿದ್ದು, ಬೀಗ ಮಾತ್ರ ಯಜಮಾನನ ಕೈಯಲ್ಲಿರುವ ಸ್ಟ್ಯಾಂಡಿಗೂ ‘ಟ್ಯಾಂಟಲಸ್’ ಎಂದೇ ಹೆಸರು. ಬೀಗದ ಕೈ ಹಿಡಿದವನಿಗೆ ಹೆಸರಿಲ್ಲ. ಇಂದು ಹೋಟೆಲಿನ ಜಾಹೀರಾತಿನಲ್ಲಿ ಈ ಪದ ಘಮಘಮಿಸುವ ಊಟದ ಹೊಗಳಿಕೆ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ನುಡಿಗಟ್ಟು ‘ಮೂಗಿಗೆ ತುಪ್ಪ ಸವರು’. ವಾಸನೆ ಧಾರಾಳ, ನಾಲಿಗೆಗೆ ಏನೂ ಇಲ್ಲ. ಇದರಲ್ಲಿ ಪುರಾಣವಿಲ್ಲ, ಪಾಪದ ವಿಚಾರಣೆಯೂ ಇಲ್ಲ. ಸವರಿದ ಕೈ ಒಂದಿದೆ ಎಂಬುದನ್ನು ಮಾತ್ರ ಅದು ಮರೆಯಲು ಬಿಡುವುದಿಲ್ಲ. ಬಜೆಟ್ಟಿನ ದಿನ, ಚುನಾವಣೆಯ ಹೊತ್ತು ಈ ಮಾತು ನಮ್ಮ ಬಾಯಿಗೆ ತಾನಾಗಿ ಬರುವುದು ಅದಕ್ಕೇ.

ಅನುವಾದಕರು ಬಿರಿಯಾನಿಗೆ ‘ಬಾಯಲ್ಲಿ ನೀರೂರಿಸುವ’ ಎಂದು ಬರೆಯಲಿ, ತಕರಾರಿಲ್ಲ. ಆದರೆ ಹುದ್ದೆಗೆ ಅರ್ಜಿ ಕರೆದು, ಪರೀಕ್ಷೆ ಮುಂದೂಡಿ, ಆಯ್ಕೆಪಟ್ಟಿ ತಡೆಹಿಡಿದು ವರ್ಷಗಟ್ಟಲೆ ಕಾಯಿಸುವುದನ್ನು ನನ್ನ ಓರಗೆಯ ಎಷ್ಟೋ ಜನ ಉಂಡಿದ್ದಾರೆ. ಅವರನ್ನು ‘ಆಸೆಬುರುಕರು’ ಎಂದರೆ ತಪ್ಪು ಅವರದೇ ಆಗುತ್ತದೆ. ‘ಮೂಗಿಗೆ ತುಪ್ಪ ಸವರಿದರು’ ಎಂದ ಕೂಡಲೇ ಪ್ರಶ್ನೆ ಏಳುತ್ತದೆ: ಸವರಿದವರು ಯಾರು?