30ಕ್ಕೆ ಎಷ್ಟು ಬಂತು?

ಸ್ಟ್ರೋಕ್ ಆಗಿ ಪುನಶ್ಚೇತನ ವಾರ್ಡಿಗೆ ಬಂದವರ ಫೈಲಿನಲ್ಲಿ 'ಮೋಕಾ: 7/30' ಎಂಬಂಥ ಸಾಲು ಕಂಡರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಬುದ್ಧಿಯೇ ಹೋಯಿತೆಂದು ಅವರು ತಿಳಿಯುತ್ತಾರೆ. ಆ ಸಂಖ್ಯೆಯನ್ನು ನಂಬುವ ಮೊದಲು ಅದು ಹೇಗೆ ಬಂತೆಂದು ನೋಡಬೇಕು.

ಮೋಕಾ, ಅಂದರೆ ಮಾಂಟ್ರಿಯಲ್ ಕಾಗ್ನಿಟಿವ್ ಅಸೆಸ್‌ಮೆಂಟ್, ಪ್ರಕಟವಾದದ್ದು 2005ರಲ್ಲಿ. ವಯಸ್ಸಾದವರಲ್ಲಿ ಆಗಷ್ಟೇ ತಲೆದೋರಿದ ಮರೆವನ್ನು ಹತ್ತೇ ನಿಮಿಷದಲ್ಲಿ ಗುರುತಿಸಲು ರೂಪಿಸಿದ್ದು. ಆ ಕೆಲಸಕ್ಕೆ ಅದು ಒಳ್ಳೆಯ ಸಾಧನ, ಕನ್ನಡದಲ್ಲೂ ಸಿಗುತ್ತದೆ. ನನ್ನ ತಕರಾರು ಅದನ್ನು ಮಾತು ಕಳೆದುಕೊಂಡವರ ಮುಂದಿಡುವ ರೂಢಿಯ ಬಗ್ಗೆ. ಅಂಕಗಳನ್ನು ಕೂಡಿ ನೋಡಿ. ಪ್ರಾಣಿಗಳ ಹೆಸರಿಗೆ 3, ವಾಕ್ಯ ಮರುನುಡಿದು ಪದಗಳನ್ನು ಹೇಳುವುದಕ್ಕೆ 3, ಎರಡು ವಸ್ತುಗಳ ಹೋಲಿಕೆ ಹೇಳಲು 2, ಐದು ಪದಗಳ ನೆನಪಿಗೆ 5, ದಿನ ಮತ್ತು ಸ್ಥಳಕ್ಕೆ 6, ಅಂಕಿಗಳನ್ನು ಒಪ್ಪಿಸಲು 2, ನೂರರಿಂದ ಏಳೇಳು ಕಳೆಯಲು 3. ಒಟ್ಟು 24 ಅಂಕಗಳಿಗೆ ಬಾಯಿಂದಲೇ ಉತ್ತರ ಬರಬೇಕು. ಇನ್ನೈದು ಅಂಕಗಳಿಗೆ ಗೆರೆ, ಘನ, ಗಡಿಯಾರ ಬರೆಯಬೇಕು. ಉಳಿಯುವುದು ಅಕ್ಷರ ಕೇಳಿ ಮೇಜು ತಟ್ಟುವ ಒಂದು ಅಂಕ.

ಈಗ ಎಡ ಮೆದುಳಿಗೆ ಪೆಟ್ಟಾದವರನ್ನು ನೆನೆಯಿರಿ. ಅಫೇಸಿಯಾದಿಂದ ಪದ ಹೊರಡುವುದಿಲ್ಲ. ಬಹಳ ಸಲ ಅದರ ಜೊತೆಗೇ ಬಲಗೈಯೂ ಸ್ವಾಧೀನ ತಪ್ಪಿರುತ್ತದೆ. ಅವರಿಗೆ ಐದೂ ಪದ ನೆನಪಿರಬಹುದು, ಇವತ್ತು ಸೋಮವಾರವೆಂದು ಗೊತ್ತಿರಬಹುದು, ಹೇಳಲಾಗದು ಅಷ್ಟೆ. ಅವರಿಗೆ ಬಂದ 7 ಅಂಕ ನೆನಪಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೂ ಅದು ಫೈಲಿನಲ್ಲಿ ಉಳಿಯುತ್ತದೆ, ಥೆರಪಿಯಿಂದ ಇವರಿಗೆ ಪ್ರಯೋಜನವಿದೆಯೇ ಎಂಬ ಮಾತು ಬಂದಾಗ ಸಾಕ್ಷಿಗೂ ನಿಲ್ಲುತ್ತದೆ. ಇದು ಅನ್ಯಾಯ. ಮೊದಲು ಭಾಷೆಯನ್ನು ಅಳೆಯಬೇಕು, ಎಷ್ಟು ಭಾಷೆ ಉಳಿದಿದೆಯೆಂದು ತಿಳಿದ ಮೇಲೆ ನೆನಪು ಮುಂತಾದವಕ್ಕೆ ಕೈಹಾಕಬೇಕು.

ಶಾಲೆಯ ಪ್ರಶ್ನೆ ಬೇರೆ ಇದೆ. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಮೋಕಾ ಒಂದು ಅಂಕ ಹೆಚ್ಚು ಕೊಡುತ್ತದೆ. ಪಿಯುಸಿ ಮುಗಿಸಿದವರಿಗೂ ಅದೇ ಒಂದು, ಪೆನ್ಸಿಲನ್ನೇ ಹಿಡಿಯದ ಅಜ್ಜಿಗೂ ಅದೇ ಒಂದು. ಕಡಿಮೆ ಓದಿದವರಿಗೆಂದೇ 'ಮೋಕಾ ಬೇಸಿಕ್' ಇದೆ, ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ 1995ರಲ್ಲಿ ಬಂದ ಹಿಂದಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್ ಇದೆ. ದಾರಿ ಇಲ್ಲವೆನ್ನುವಂತಿಲ್ಲ.

ಭಾಷೆಯ ಮಟ್ಟಿಗೆ ಕನ್ನಡದ ರೋಗಿಗಳು ಅದೃಷ್ಟವಂತರು. ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ಯಾಮಲಾ ಚೆಂಗಪ್ಪ ಮತ್ತು ಸಹೋದ್ಯೋಗಿಗಳಿಂದ ಸಿದ್ಧವಾಗಿದೆ. ಪ್ರತಿಭಾ ಕಾರಂತರ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ಅದಕ್ಕೂ ಹಳೆಯದು. ವೆಸ್ಟರ್ನ್ ಬ್ಯಾಟರಿಯಲ್ಲಿ ನನಗೆ ಹಿಡಿಸುವ ಗುಣವೆಂದರೆ ಅದರ ಮುಖ್ಯ ಅಂಕ, ಅಫೇಸಿಯಾ ಕೋಶಂಟ್, ಸಹಜ ಮಾತು, ಕೇಳಿ ಅರ್ಥಮಾಡಿಕೊಳ್ಳುವುದು, ಮರುನುಡಿಯುವುದು, ಹೆಸರಿಸುವುದು ಈ ನಾಲ್ಕರಿಂದ ಬರುತ್ತದೆ. ಓದುಬರಹ ಅದರ ಲೆಕ್ಕಕ್ಕೆ ಸೇರುವುದಿಲ್ಲ. ಹೆಬ್ಬೆಟ್ಟಿನವರಿಗೂ ಅದು ನ್ಯಾಯವಾದ ಅಳತೆ. ಇಗ್ಲೂ, ಬೀವರ್, ಪ್ರೆಟ್ಜೆಲ್‌ಗಳ ಚಿತ್ರ ತೋರಿಸುವ ಬೋಸ್ಟನ್ ನೇಮಿಂಗ್ ಟೆಸ್ಟನ್ನು ಇಲ್ಲಿ ಹಾಗೆಯೇ ಬಳಸಿದರೆ ಆ ನ್ಯಾಯ ಸಿಗದು.

ಕೊರತೆಯೂ ಇದೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಬ್ಯಾಂಕಿನ ಕೆಲಸದಲ್ಲಿ ಇಂಗ್ಲಿಷ್ ಆಡುತ್ತಿದ್ದ ಮಂಗಳೂರಿನವರನ್ನು ಕನ್ನಡದಲ್ಲಷ್ಟೇ ಪರೀಕ್ಷಿಸಿದರೆ ಒಂದು ಭಾಷೆಯ ಸ್ಥಿತಿ ಮಾತ್ರ ತಿಳಿಯುತ್ತದೆ. ಪೆಟ್ಟಾದ ಮೇಲೆ ಎಲ್ಲ ಭಾಷೆಗಳೂ ಸಮನಾಗಿ ಮರಳಬೇಕೆಂದೇನಿಲ್ಲ. ಮಿಶೆಲ್ ಪಾರಡಿಯವರ ಬೈಲಿಂಗ್ವಲ್ ಅಫೇಸಿಯಾ ಟೆಸ್ಟ್ ಹುಟ್ಟಿದ್ದೇ ಈ ಕಾರಣಕ್ಕೆ. ಸಿದ್ಧ ಟೆಸ್ಟ್ ಇಲ್ಲದ ಭಾಷೆಯಲ್ಲಿ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿ ಬರೆದಿಟ್ಟ ಟಿಪ್ಪಣಿಗೂ ಬೆಲೆಯುಂಟು.

ಸ್ಟ್ರೋಕ್ ಆದವರಿಗೆಂದೇ ಮಾಡಿದ ಆಕ್ಸ್‌ಫರ್ಡ್ ಕಾಗ್ನಿಟಿವ್ ಸ್ಕ್ರೀನ್ ನನ್ನ ಮಟ್ಟಿಗೆ ಸರಿಯಾದ ದಿಕ್ಕಿನದು. ಮಾತು ಬಾರದವರು ಹಲವು ಪ್ರಶ್ನೆಗಳಿಗೆ ಬೆರಳಿಟ್ಟು ತೋರಿಸಿ ಉತ್ತರಿಸಬಹುದು, ಒಂದು ಪಕ್ಕವನ್ನೇ ಗಮನಿಸದ ತೊಂದರೆಯನ್ನೂ ಅದು ಹಿಡಿಯುತ್ತದೆ. ಎಲ್ಲವನ್ನೂ ಕೂಡಿ ಒಂದು ಸಂಖ್ಯೆ ಮಾಡದೆ ನೆನಪು, ಗಮನ, ಲೆಕ್ಕ, ಭಾಷೆ ಎಂದು ಬಿಡಿಬಿಡಿಯಾಗಿ ತೋರಿಸುತ್ತದೆ. ನಾಳೆಯ ಥೆರಪಿ ಎಲ್ಲಿಂದ ಶುರುಮಾಡಬೇಕೆಂದು ಹೇಳುವುದು ಇಂಥ ಚಿತ್ರ.

ಇಷ್ಟಾದರೂ ಕಿರಾಣಿ ಅಂಗಡಿಯವರು ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಬಲ್ಲರೇ ಎಂಬುದಕ್ಕೆ ಮೇಜಿನ ಮೇಲಿನ ಯಾವ ಟೆಸ್ಟೂ ಉತ್ತರ ಕೊಡದು. ಚಿಲ್ಲರೆ ಎಣಿಸಲು, ಫೋನು ಎತ್ತಲು, ಮಾತ್ರೆ ಚೀಟಿ ನೋಡಲು ಹೇಳಿ ಗಮನಿಸಬೇಕು. ಹೊರರೋಗಿ ವಿಭಾಗದ ಜನಜಂಗುಳಿಯಲ್ಲಿ ಅಷ್ಟು ಹೊತ್ತು ಎಲ್ಲಿಂದ ತರುವುದು ಎಂಬ ಥೆರಪಿಸ್ಟರ ಕಷ್ಟ ನಿಜವೇ. ಹಾಗಾದರೆ ಟೆಸ್ಟುಗಳ ಸಂಖ್ಯೆ ಕಡಿಮೆಯಾಗಲಿ, ಆಯ್ದದ್ದು ಒಂದಾದರೂ ಯಾವ ಪ್ರಶ್ನೆಗಾಗಿ ಆಯ್ದೆವೆಂದು ಫೈಲಿನಲ್ಲಿ ಬರೆದಿರಲಿ.

ಮನೆಯವರಲ್ಲೂ ಒಂದು ವಿನಂತಿ. ಪರೀಕ್ಷೆಗೆ ಮೊದಲೇ ಥೆರಪಿಸ್ಟರಿಗೆ ಹೇಳಿ: ಅಪ್ಪ ಎಷ್ಟನೇ ಕ್ಲಾಸಿನವರೆಗೆ ಓದಿದ್ದಾರೆ, ಮನೆಯಲ್ಲಿ ಯಾವ ಮಾತು, ಕಿವಿ ಹೇಗೆ, ಯಾವ ಕೈ ರೂಢಿ. ಕನ್ನಡಕ ಮರೆಯದೆ ತನ್ನಿ. ಸ್ಕೋರ್ ಕೈಗೆ ಬಂದಾಗ ಇದು ಯಾವ ಟೆಸ್ಟು, ಯಾವ ಭಾಷೆಯಲ್ಲಿ ಮಾಡಿದಿರಿ, ಇದರಿಂದ ಥೆರಪಿಯಲ್ಲಿ ಏನು ಬದಲಾಗುತ್ತದೆ ಎಂದು ಸಂಕೋಚಪಡದೆ ಕೇಳಿ.