ಸ್ಯಾಲಿ ಗ್ಯಾಪ್‌ಗೆ ಹೊತ್ತು ನೋಡಿ ಹೊರಡಿ

ಡಬ್ಲಿನ್‌ನಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರಿಗೆ ನಾನು ಮೊದಲು ಹೇಳುವುದು ವಿಕ್ಲೋ ಬೆಟ್ಟಗಳ ದಾರಿಯನ್ನೇ. ಡಬ್ಲಿನ್‌ನ ರಾತ್‌ಫಾರ್ನಂನಿಂದ ಸ್ಯಾಲಿ ಗ್ಯಾಪ್ ಹತ್ತಿ, ಗ್ಲೆಂಡಲಾಕ್‌ಗೆ ಇಳಿದು, ವಿಕ್ಲೋ ಗ್ಯಾಪ್ ದಾಟಿ ಬ್ಲೆಸಿಂಗ್ಟನ್ ಮೇಲೆ ಮರಳಿದರೆ ನೂರು ಚಿಲ್ಲರೆ ಕಿಲೋಮೀಟರ್. ದೂರ ಕಡಿಮೆ, ಗಾಡಿಯೂ ನಮ್ಮಲ್ಲಿಯಂತೆ ಎಡಬದಿಗೇ. ಇಲ್ಲಿ ಲೆಕ್ಕ ಹಾಕಬೇಕಾದ್ದು ಹೊತ್ತನ್ನು.

ಸ್ಯಾಲಿ ಗ್ಯಾಪ್ ಹತ್ತುವ ರಸ್ತೆಯ ಹೆಸರು ಮಿಲಿಟರಿ ರೋಡ್. 1798ರ ಐರಿಷ್ ದಂಗೆಯ ನಂತರ ಈ ಬೆಟ್ಟಗಳಲ್ಲಿ ಅಡಗಿದ್ದ ಬಂಡುಕೋರರನ್ನು ಹಿಡಿಯಲು ಬ್ರಿಟಿಷ್ ಸೇನೆ 1800ರಲ್ಲಿ ಶುರುಮಾಡಿ 1809ರಲ್ಲಿ ಮುಗಿಸಿದ್ದು. ಸೈನ್ಯಕ್ಕೆಂದು ಹಾಕಿದ ದಾರಿಯಾದ್ದರಿಂದ ಊರೂರನ್ನು ಹುಡುಕಿಕೊಂಡು ಹೋಗದೆ ಎತ್ತರದ ಬಯಲನ್ನೇ ಹಿಡಿದು ಸಾಗುತ್ತದೆ. ನಡುವೆ ಪೆಟ್ರೋಲ್ ಬಂಕಿಲ್ಲ, ಅಂಗಡಿಯಿಲ್ಲ. ಟ್ಯಾಂಕ್ ತುಂಬಿಸಿ, ಚಿತ್ರಾನ್ನದ ಬುತ್ತಿ ಕಟ್ಟಿಕೊಂಡು ಹೊರಡಿ.

ಸ್ಯಾಲಿ ಗ್ಯಾಪ್ ಎಂದರೆ ಸುಮಾರು 500 ಮೀಟರ್ ಎತ್ತರದಲ್ಲಿ ಎರಡು ರಸ್ತೆಗಳು ಕೂಡುವ ಬಟಾಬಯಲು. ಡಬ್ಲಿನ್ ನಗರದ ನಡುವೆ ಹರಿಯುವ ಲಿಫಿ ನದಿ ಹುಟ್ಟುವುದು ಇಲ್ಲೇ ಹತ್ತಿರ, ಕಿಪ್ಯೂರ್ ಬೆಟ್ಟದ ಬುಡದಲ್ಲಿ. ಸುತ್ತ ಕಾಣುವುದೆಲ್ಲ ಪೀಟ್: ಸದಾ ಒದ್ದೆಯಾಗಿರುವ ನೆಲದಲ್ಲಿ ಗಿಡಗಳು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತು ಆದ ಕಪ್ಪು ಮಣ್ಣು. ಆಗಸ್ಟ್‌ನಲ್ಲಿ ಅದರ ಮೇಲೆ ಹೆದರ್ ಎಂಬ ಕುರುಚಲು ಗಿಡ ಹೂಬಿಟ್ಟು ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುತ್ತದೆ. ನನ್ನನ್ನು ಕೇಳಿದರೆ ಹೋಗಬೇಕಾದ ತಿಂಗಳು ಅದೇ. ರಸ್ತೆಯ ಅಂಚು ಮೆತ್ತಗಿರುತ್ತದೆ. ಜಲ್ಲಿ ಹಾಕಿದ ಜಾಗ ಬಿಟ್ಟು ಬೇರೆಲ್ಲೂ ಚಕ್ರ ಇಳಿಸಬೇಡಿ. ತಿರುವಿನಲ್ಲಿ ಕುರಿಗಳು ಮಲಗಿರುವುದೂ ಉಂಟು.

ಕೂಡುರಸ್ತೆಯಿಂದ ಎಡಕ್ಕೆ ಐದಾರು ಕಿಲೋಮೀಟರ್ ಹೋದರೆ ಕೆಳಗೆ ಲಾಕ್ ಟೇ ಸರೋವರ, ಅದರಾಚೆ ಲಗಲಾ ಬಂಡೆಗೋಡೆ. ನಾವು ನಿಲ್ಲುವುದು ಪೂರ್ವದ ದಡದ ಮೇಲೆ, ನೋಡುವುದು ಪಶ್ಚಿಮಕ್ಕೆ. ಬೆಳಿಗ್ಗೆ ಹೋದರೆ ಸೂರ್ಯ ಬೆನ್ನಿಗಿದ್ದು ಬಂಡೆಯ ಒಂದೊಂದು ಬಿರುಕೂ ಬಿಡಿಸಿಟ್ಟಂತೆ ಕಾಣುತ್ತದೆ. ಸಂಜೆಯಾದರೆ ಬಿಸಿಲು ಕಣ್ಣಿಗೆ ಹೊಡೆದು ಬಂಡೆ ಬರೀ ಕಪ್ಪು. ಹಾಗಾಗಿ ನನ್ನ ಯೋಜನೆಯೆಲ್ಲ ಈ ಒಂದು ಜಾಗದಿಂದ ಶುರುವಾಗುತ್ತದೆ. ಹತ್ತು ಗಂಟೆಯೊಳಗೆ ಇಲ್ಲಿರಬೇಕು. ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ.

ಮರಳಿ ಕೂಡುರಸ್ತೆಗೆ ಬಂದು ದಕ್ಷಿಣಕ್ಕೆ ಇಳಿದರೆ ಗ್ಲೆನ್‌ಮಕ್ನಾಸ್ ಜಲಪಾತ. ಅದರ ನೆತ್ತಿಯ ಬಂಡೆ ಜಾರುತ್ತದೆ, ಅಂಚಿಗೆ ಹೋಗದಿರಿ. ಮಧ್ಯಾಹ್ನವಿಡೀ ಗ್ಲೆಂಡಲಾಕ್‌ಗೆ ಕೊಡಿ. ಆರನೇ ಶತಮಾನದಲ್ಲಿ ಸಂತ ಕೆವಿನ್ ಕಟ್ಟಿದ ಮಠದ ನೆಲೆಯದು. ಈಗ ಅಲ್ಲಿ ನಿಂತಿರುವ ಸುಮಾರು 30 ಮೀಟರಿನ ದುಂಡುಗೋಪುರ ಆಮೇಲಿನದು. ಎರಡು ಸರೋವರಗಳ ನಡುವಿನ ದಾರಿ ಸಮತಟ್ಟು, ಮಂಡಿನೋವಿನವರೂ ನಿಧಾನವಾಗಿ ನಡೆಯಬಹುದು. ವಿಕ್ಲೋ ಗ್ಯಾಪ್ ದಾಟುವಾಗ ಮುಖ ಪಶ್ಚಿಮಕ್ಕೆ. ಸೂರ್ಯ ಕಣ್ಣಮಟ್ಟಕ್ಕೆ ಇಳಿಯುವ ಮೊದಲೇ ಹೊರಡಿ.

ಜೂನ್‌ನಲ್ಲಿ ಹತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು, ಜೊತೆಗೆ ಹಿಮ ಬಿದ್ದರೆ ದಾರಿ ಮುಚ್ಚುವುದೂ ಉಂಟು. ಆಗ ಎರಡೂ ಗ್ಯಾಪ್‌ಗಳ ಆಸೆ ಬಿಟ್ಟು ಒಂದನ್ನೇ ನೋಡಿ. ಮಂಜು ಕವಿದ ದಿನ ಮೇಲೇರುವ ಹಟವೂ ಬೇಡ, ನೇರ ಗ್ಲೆಂಡಲಾಕ್‌ಗೆ ಹೋಗಿ. ಬೆಟ್ಟಕ್ಕೆ ಇನ್ನೊಂದು ಶನಿವಾರ ಇದ್ದೇ ಇದೆ.